ಭೂತಾನದ ಹಳ್ಳ, ಕಾಶಿಯ ಊಟ

ಕಾಶಿಗೆ ಹೋಗಿ ಬಂದವರನ್ನು ಮನೆಗೆ ಕರೆದು ಉಣ್ಣಿಸುವುದು ನಮ್ಮ ಕಡೆಯ ರೂಢಿ. ಕಾಲಿಗೆ ನೀರು ಕೊಟ್ಟು, ಹೋಳಿಗೆ ಬಡಿಸಿ, ಉಂಡ ಮೇಲೆ ಎದುರಿಗೆ ಕೂಡ್ರಿಸಿಕೊಂಡು ಹಾದಿಯ ಕಥೆ ಕೇಳುತ್ತಾರೆ. ಹೋಗಿ ಬಂದವರ ಬಾಯಿಂದ ಕೇಳಿದರೂ ಅರ್ಧ ಪುಣ್ಯ ಎಂಬ ನಂಬಿಕೆ. ಆ ವರ್ಷ ದೀಪಾವಳಿಯ ಹಿಂದೆಮುಂದೆ ನಾವು ಗಂಡ ಹೆಂಡತಿ ಅಂಥ ಊಟ ಉಂಡು ಉಂಡು ದಣಿದೆವು. ಪ್ರತಿ ಊಟದ ನಂತರ ನನ್ನ ಗಂಡ ಕಥೆ ಹೇಳುತ್ತಿದ್ದರು. ನಾನು ಪಕ್ಕದಲ್ಲಿ ಕೂತು ವೀಳ್ಯದೆಲೆಯ ತೊಟ್ಟು ಮುರಿಯುತ್ತಿದ್ದೆ. ಕಥೆಯಲ್ಲಿ ಒಂದು ಹಳ್ಳ ಬರುತ್ತಿತ್ತು, ಹಳ್ಳಕ್ಕೆ ಒಮ್ಮೆಲೇ ನೀರು ಬರುತ್ತಿತ್ತು, ಆಗ ಅವರು ನನ್ನನ್ನು ಹಿಂದಕ್ಕೆ ನೂಕಿ ಉಳಿಸುತ್ತಿದ್ದರು. ಕೇಳುವವರು ಚ್ಚು ಚ್ಚು ಎನ್ನುತ್ತಿದ್ದರು.

ಅವರು ನೂಕಿದ್ದು ನನಗೆ ನೆನಪಿರಲಿಲ್ಲ.

ನಾವು ಹೋದದ್ದು ಕಾಶಿಗಲ್ಲ, ಭೂತಾನಕ್ಕೆ. ಎಪ್ಪತ್ತರ ದಶಕದ ನಡುಭಾಗ ಅದು. ವಿಜಯಪುರವನ್ನು ಆಗ ವಿಜಾಪುರ ಎನ್ನುತ್ತಿದ್ದೆವು. ಇಬ್ಬರೂ ಹೈಸ್ಕೂಲಿನಲ್ಲಿ ಕಲಿಸುತ್ತಿದ್ದೆವು. ಇವರು ವಿಜ್ಞಾನ, ನಾನು ಇತಿಹಾಸ. ಇಬ್ರಾಹಿಂಪುರದಲ್ಲಿ ರೈಲು ಹಳಿಯ ಹತ್ತಿರ ಎರಡು ಖೋಲಿಯ ಬಾಡಿಗೆ ಮನೆ. ಮದುವೆಯಾಗಿ ನಾಲ್ಕೈದು ವರ್ಷವಾಗಿದ್ದರೂ ಯಾರದಾದರೂ ಲಗ್ನಕ್ಕೆ ಹೋಗುವುದು ಬಿಟ್ಟರೆ ಜೊತೆಯಾಗಿ ಎಲ್ಲಿಗೂ ಹೋದವರಲ್ಲ. ಇವರ ಕಾಲೇಜಿನ ಗೆಳೆಯರೊಬ್ಬರು ಭೂತಾನದಲ್ಲಿ ರಸ್ತೆ ಕಟ್ಟುವ ಕೆಲಸದಲ್ಲಿ ಎಂಜಿನಿಯರ್ ಆಗಿದ್ದರು. ದಸರೆಯ ರಜೆಗೆ ಬನ್ನಿ, ಪರವಾನಗಿ ನಾನು ಕೊಡಿಸುತ್ತೇನೆ ಎಂದು ಕರೆದರು. ಇವರು ಹೂಂ ಅಂದುಬಿಟ್ಟರು.

ಬಬಲೇಶ್ವರದಲ್ಲಿ ನಮ್ಮ ಅತ್ತೆಗೆ ಹೇಳಲು ಹೋದಾಗ ಅವರು ಅಂಗಳದಲ್ಲಿ ತೊಗರಿ ಕೇರುತ್ತಿದ್ದರು.

"ಅಲ್ಲೇನೈತಿ?" ಅಂದರು.

"ಗುಡ್ಡ ಐತವ್ವಾ. ದೊಡ್ಡ ದೊಡ್ಡ ಗುಡ್ಡ."

"ಗುಡ್ಡ ನೋಡಾಕ ರೈಲು ಹತ್ತತಾರೇನಲೇ? ಗುಡಿ ಗುಂಡಾರ ಏನರ ಐತೋ ಇಲ್ಲೋ?"

"ಬುದ್ಧಂದು ಐತಿ."

ಅತ್ತೆ ಮೊರ ಕೆಳಗಿಟ್ಟರು. "ಹಾದ್ಯಾಗ ಕಾಶಿ ಬರತೈತೇನು?"

"ಬೇಕಂದ್ರ ಬರತೈತಿ."

"ಹಂಗಾರ ಕಾಶಿಗೆ ಹೊಂಟೀವಿ ಅಂತ ಹೇಳ್ರಿ. ಮುಂದಿಂದು ನಿಮ್ಮಿಬ್ಬರೊಳಗ ಇರಲಿ. ಬರಾಗ ಗಂಗಿ ತರೂದು ಮರೀಬ್ಯಾಡ್ರಿ."

ಹೀಗೆ ನಾವು ಕಾಶಿಯಾತ್ರಿಕರಾದೆವು. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಸಣ್ಣ ಹಳಿಯ ಗಾಡಿಯಲ್ಲಿ ಸೋಲಾಪುರಕ್ಕೆ ಹೋಗಿ, ಅಲ್ಲಿಂದ ದೊಡ್ಡ ಹಳಿಯ ಗಾಡಿ, ಮತ್ತೆ ಇನ್ನೊಂದು ಗಾಡಿ. ಕಾಶಿಯಲ್ಲಿ ಇಳಿದು, ಮಿಂದು, ಥಾಲಿ ಎನ್ನುವ ಪುಟ್ಟ ತಾಮ್ರದ ಗಿಂಡಿಯಲ್ಲಿ ಗಂಗೆಯನ್ನು ತುಂಬಿ ಬಾಯಿಗೆ ಬೆಸುಗೆ ಹಾಕಿಸಿಕೊಂಡು ಮುಂದೆ ನಡೆದೆವು. ಆ ಥಾಲಿ ನಮ್ಮ ಜೊತೆ ಭೂತಾನವನ್ನೂ ನೋಡಿ ಬಂತು.

ವಿಜಾಪುರದವರಿಗೆ ನೆಲವೆಂದರೆ ಮಟ್ಟಸ. ಊರು ಇನ್ನೂ ದೂರವಿರುವಾಗಲೇ ಗುಮ್ಮಟ ಕಾಣಬೇಕು. ಭೂತಾನದಲ್ಲಿ ಬಸ್ಸು ಒಂದು ತಿರುವು ತಿರುಗಿದರೆ ಹಿಂದಿನ ತಿರುವು ನಮ್ಮ ಕಾಲಡಿ ಕಾಣುತ್ತಿತ್ತು. ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಕೂತೆ. ಥಿಂಫು ತಲುಪಿದಾಗ ಗೆಳೆಯರು ಕಾಯುತ್ತಿದ್ದರು. ಆಗ ಅದು ಪಟ್ಟಣ ಅನ್ನಿಸಿಕೊಳ್ಳುವಷ್ಟು ದೊಡ್ಡದಿರಲಿಲ್ಲ. ಒಂದು ಹೊಳೆ, ಬಿಳಿ ಗೋಡೆಯ ದೊಡ್ಡ ಕೋಟೆಯಂಥ ಮಠ, ಬಣ್ಣದ ಕಿಟಕಿಯ ಮನೆಗಳು, ಮನೆಗಳ ಮೇಲೆಲ್ಲ ಒಣಗಲು ಹಾಕಿದ ಕೆಂಪು ಮೆಣಸಿನಕಾಯಿ. ಅಲ್ಲಿಯವರು ಮೆಣಸಿನಕಾಯಿಯನ್ನೇ ಪಲ್ಯ ಮಾಡಿ ಉಣ್ಣುತ್ತಾರೆ. ಇವರಿಗೆ ಹಿಗ್ಗೋ ಹಿಗ್ಗು.

"ನಮ್ಮ ಮಂದೀನ ಇವರು," ಅಂದರು ಗೆಳೆಯರು. "ಬರೇ ಜ್ವಾಳ ಬೆಳಿಯೂದಿಲ್ಲ, ಅಷ್ಟ."

ಅಲ್ಲಿ ನನಗೆ ಹೊಸದಾಗಿ ಕಂಡದ್ದು ಇನ್ನೊಂದು. ವಿಜಾಪುರದಲ್ಲಿ ಪೇಟೆಗೆ ಹೊರಟರೆ ಇವರು ಮುಂದೆ, ನಾನು ಹಿಂದೆ. ನಡುವೆ ಒಂದು ಟಾಂಗಾ ಹಾಯುವಷ್ಟು ಜಾಗ. ಅಲ್ಲಿ ಇಳಿಜಾರಿನಲ್ಲಿ ನಾನು ಜಾರಿದ್ದೇ ನೆಪವಾಗಿ ಇವರು ಕೈ ಹಿಡಿದರು. ಹಿಡಿದ ಕೈ ಮತ್ತೆ ಬಿಡಲಿಲ್ಲ. ನಮ್ಮನ್ನು ಬಲ್ಲವರು ಯಾರೂ ಇರಲಿಲ್ಲ. ಇವರ ಕೋಟು ಹಾಕಿಕೊಂಡು, ಸೀರೆಯ ನಿರಿಗೆ ಮೇಲೆ ಸಿಕ್ಕಿಸಿಕೊಂಡು ಹಳ್ಳಿಯ ಹಾದಿಗಳಲ್ಲಿ ಅಡ್ಡಾಡಿದೆ. ಸಂತೋಷದಿಂದಿದ್ದೆ. ಅದನ್ನು ಇಲ್ಲಿ ಬರೆಯಲೇಬೇಕು, ಯಾಕೆಂದರೆ ಈ ಪ್ರವಾಸದ ಮಾತು ಬಂದಾಗ ಅದೇ ಮೊದಲು ಮರೆತುಹೋಗುತ್ತದೆ.

ಗುಡ್ಡ ಇಳಿದು ಮರಳುವ ದಿನ ಬಸ್ಸು ಅರ್ಧ ದಾರಿಯಲ್ಲಿ ನಿಂತಿತು. ಆ ಸಲ ಮಳೆ ತಡವಾಗಿ ಹಿಡಿದಿತ್ತಂತೆ. ಗುಡ್ಡದಿಂದ ಬರುವ ಹಳ್ಳವೊಂದು ರಸ್ತೆಯ ಮೇಲೆಯೇ ಹರಿಯುತ್ತಿತ್ತು, ಕೆಳಗಿನ ಮೋರಿ ಕಿತ್ತುಹೋಗಿತ್ತು. ಅತ್ತ ದಂಡೆಯ ತಿರುವಿನಲ್ಲಿ ಕೆಳಗಿಳಿಯುವ ಬಸ್ಸು ಬಂದು ನಿಲ್ಲುತ್ತದೆ, ನೀರು ತಗ್ಗಿದ ಮೇಲೆ ನಡೆದು ದಾಟಿ ಅದನ್ನು ಹತ್ತಬೇಕು, ಸಾಮಾನು ಆಮೇಲೆ ಬರುತ್ತದೆ ಎಂದು ತಿಳಿಯಿತು. ಡ್ರೈವರು ಸೀಟಿನ ಮೇಲೆ ಮಲಗಿಬಿಟ್ಟ. ಜನ ಬುಟ್ಟಿ ಇಳಿಸಿ ಊಟಕ್ಕೆ ಕೂತರು. ಬಿಸಿಲು ಚೆನ್ನಾಗಿತ್ತು.

ಇವರು ದಂಡೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೀರು ನೋಡುತ್ತಿದ್ದರು. ಬಬಲೇಶ್ವರದಿಂದ ವಿಜಾಪುರಕ್ಕೆ ಬರುವವರು ಡೋಣಿ ಹೊಳೆ ದಾಟಬೇಕು. ಡೋಣಿಗೆ ನೀರು ಬಂದರೆ ಆಗೆಲ್ಲ ಎರಡೂ ದಂಡೆಯಲ್ಲಿ ಜನ ಅರ್ಧ ದಿನ ಕೂತಿರುತ್ತಿದ್ದರು. ನೀರು ಏರುವಾಗ ನೊರೆ, ಕಸಕಡ್ಡಿ ದಂಡೆಗೆ ಸರಿಯುತ್ತವೆ. ಇಳಿಯುವಾಗ ನಡುವಿಗೆ ಬರುತ್ತವೆ. ಡೋಣಿಯ ಮಕ್ಕಳಿಗೆ ಇದು ಅಕ್ಷರಕ್ಕಿಂತ ಮೊದಲು ಬರುವ ವಿದ್ಯೆ. ಇವರು ಅದರಲ್ಲಿ ಹೆಸರಾದವರು. ಇವರು ಎದ್ದರೆ ದಂಡೆಯಲ್ಲಿ ಕೂತವರೆಲ್ಲ ಎದ್ದು ಧೋತರ ಮೇಲೆತ್ತುತ್ತಿದ್ದರಂತೆ.

"ನೊರಿ ನೋಡಿದೇನು?" ಅಂದರು. "ನಡುವ ಬಂತು."

ನಾನು ನೋಡಿದೆ. ನೊರೆ ನಡುವೆ ಇತ್ತು. ನೋಡುತ್ತಿದ್ದಂತೆ ನೀರು ಇಳಿಯಿತು. ಕಲ್ಲುಗಳು ಒಂದೊಂದಾಗಿ ಮೇಲೆದ್ದವು. ಡೋಣಿಯಲ್ಲಿ ಅರ್ಧ ದಿನ ಹಿಡಿಯುವುದು ಅಲ್ಲಿ ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಆಗಿಹೋಯಿತು.

"ಇಷ್ಟು ಲಗೂನ ಹೆಂಗ ಇಳೀತ್ರಿ?"

"ಗುಡ್ಡದ ಹಳ್ಳ. ಲಗೂ ಬರತೈತಿ, ಲಗೂ ಹೋಗತೈತಿ. ಏಳು, ಮತ್ತ ಏರೂದರಾಗ ದಾಟೋಣು."

ಮೇಲೆ ಎಲ್ಲೋ ಗುಡ್ಡ ಕುಸಿದು ನೀರಿಗೆ ಅಡ್ಡಗಟ್ಟಿತ್ತು. ಅದಕ್ಕೇ ನೀರು ಇಳಿದದ್ದು. ಇದನ್ನು ಆಮೇಲೆ ಗೆಳೆಯರು ಕಾಗದ ಬರೆದು ತಿಳಿಸಿದರು. ಮಟ್ಟಸ ನೆಲದವರಿಗೆ ಇಳಿದ ನೀರು ಇಳಿದ ನೀರೇ. ಅದಕ್ಕೆ ಬೇರೆ ಅರ್ಥ ಇರಬಹುದೆಂದು ನಮಗೆ ಹೇಗೆ ಹೊಳೆಯಬೇಕು? ಇವರೂ ತಪ್ಪಿದರು, ನಾನೂ ನಂಬಿದೆ.

ಇವರು ಚಪ್ಪಲಿ ಕಳಚಿ ಒಂದು ಕೈಯಲ್ಲಿ ಹಿಡಿದರು, ಇನ್ನೊಂದು ಕೈಯಲ್ಲಿ ನನ್ನ ಕೈ. ನೀರು ಮೀನಖಂಡದವರೆಗೆ, ಮಂಜಿನಷ್ಟು ತಣ್ಣಗೆ. ನಡುವಿಗೆ ಬಂದಾಗ ಗೂಡ್ಸ್ ಗಾಡಿ ಬರುವ ಸಪ್ಪಳ ಕೇಳಿಸಿತು. ಇಬ್ರಾಹಿಂಪುರದ ಮನೆಯಲ್ಲಿ ಆ ಸಪ್ಪಳ ದಿನಾ ಕೇಳುವಂಥದ್ದು. ಮೊದಲು ಪಾತ್ರೆ ನಡುಗುತ್ತವೆ, ಆಮೇಲೆ ಗಾಡಿ. ಒಂದು ಕ್ಷಣ ನನಗೆ ಹೆದರಿಕೆಯೇ ಆಗಲಿಲ್ಲ. ಗಾಡಿ ಬಂತು ಅನ್ನಿಸಿತು, ಅಷ್ಟೆ. ಆಮೇಲೆ ಹಸಿ ಮಣ್ಣಿನ ವಾಸನೆ ಬಡಿಯಿತು. ಹಿಂದಿನಿಂದ ಯಾರೋ ಕೂಗಿದರು.

ಇಲ್ಲಿಂದ ಮುಂದಿನದನ್ನು ನಾನು ಈ ಐವತ್ತು ವರ್ಷ ಮತ್ತೆ ಮತ್ತೆ ನೋಡಿದ್ದೇನೆ. ನನ್ನ ಕೈ ಅವರ ಕೈಯೊಳಗಿತ್ತು. ಆಮೇಲೆ ಇರಲಿಲ್ಲ. ನಡುವೆ ಏನೂ ಇಲ್ಲ. ಮುಂದೆ ನಾನು ಬಸ್ಸಿನ ಕಡೆಯ ದಂಡೆಯ ಕೆಸರಿನಲ್ಲಿ ಮೊಣಕಾಲೂರಿ ಬಿದ್ದಿದ್ದೆ, ಹಿಂದೆ ಎಮ್ಮೆ ಗಾತ್ರದ ಕಲ್ಲುಗಳು ನೀರಿನಲ್ಲಿ ಉರುಳುತ್ತಿದ್ದವು. ನೀರು ಅಂದರೆ ನೀರಲ್ಲ, ಮಣ್ಣು, ಮರ, ಬೇರು, ಎಲ್ಲ ಕಲಸಿದ ಹಿಟ್ಟು. ಮೊಣಕೈ ಸುಲಿದಿತ್ತು. ತಿರುಗಿ ನೋಡಿದರೆ ಅತ್ತ ದಂಡೆಯಲ್ಲಿ ಯಾರೂ ಇರಲಿಲ್ಲ.

ಮಧ್ಯಾಹ್ನವೆಲ್ಲ ಯಾರೂ ಇರಲಿಲ್ಲ. ಕೂಗಿದರೆ ನನ್ನ ಕೂಗು ನನಗೇ ಕೇಳಿಸುತ್ತಿರಲಿಲ್ಲ. ಬಸ್ಸಿನಲ್ಲಿದ್ದ ಒಬ್ಬ ಮುದುಕಿ ನನ್ನ ಪಕ್ಕದಲ್ಲಿ ಕೂತು ನನ್ನ ಸೆರಗಿನ ತುದಿಯನ್ನು ತನ್ನ ಕೈಗೆ ಸುತ್ತಿಕೊಂಡಳು, ನಾನು ನೀರಿಗೆ ಇಳಿದೇನು ಎಂದು. ಅವಳ ಮಾತು ನನಗೆ ತಿಳಿಯದು, ನನ್ನದು ಅವಳಿಗೆ ತಿಳಿಯದು. ಅಳುವ ಗೊಡವೆಗೂ ನಾನು ಹೋಗಲಿಲ್ಲ. ಬಬಲೇಶ್ವರದ ಅಂಗಳದಲ್ಲಿ ಅತ್ತೆಯ ಮುಂದೆ ನಿಂತು ಏನು ಹೇಳಬೇಕು, ಯಾವ ಮಾತಿನಿಂದ ಸುರು ಮಾಡಬೇಕು ಎಂದು ಮಾತು ಜೋಡಿಸುತ್ತಿದ್ದೆ. ಸಂಜೆಯ ಹೊತ್ತಿಗೆ ಅತ್ತ ತಿರುವಿನಲ್ಲಿ ಕೋಲಿನ ತುದಿಗೆ ಕಟ್ಟಿದ ಬಿಳಿ ಬನಿಯನ್ ಒಂದು ಮೇಲೆದ್ದು ಅಲ್ಲಾಡಿತು.

ಮರುದಿನ ರಸ್ತೆ ಕೆಲಸದವರು ಬಂದು ಮರದ ದಿಮ್ಮಿ ಹಾಕಿ, ಹಗ್ಗ ಕಟ್ಟಿ ನಮ್ಮನ್ನೆಲ್ಲ ದಾಟಿಸಿದರು. ಆ ಕಡೆ ಇವರು ನಿಂತಿದ್ದರು. ಮುಖವೆಲ್ಲ ಮಣ್ಣು, ಒಂದು ಕೈಯಲ್ಲಿ ಇನ್ನೂ ಚಪ್ಪಲಿ. ನಾನು ದಿಮ್ಮಿಯಿಂದ ಇಳಿಯುತ್ತಿದ್ದಂತೆ ಅವರು ಹೇಳಿದ ಮೊದಲ ಮಾತು:

"ನಿನ್ನ ಹಿಂದಕ್ಕ ನೂಕಿದ್ದು ಛಲೋ ಆತು ನೋಡು."

ನಾನು ಹೂಂ ಅಂದೆ. ಅವರು ಜೀವಂತ ಇದ್ದರು. ಬೇರೆ ಏನು ಅನ್ನಲಿ? ರೈಲಿನಲ್ಲಿ ಬಿಹಾರ ದಾಟುವಾಗ ಮಾತ್ರ ಆ ಮಾತು ತಿರುಗಿ ಬಂತು. ನೂಕಿದರೆ ಎದೆಗೋ ಹೆಗಲಿಗೋ ಕೈ ತಾಗಿರಬೇಕಲ್ಲ. ನೂಕಿದವರು ನನ್ನ ಕಡೆ ನೋಡಿರಬೇಕಲ್ಲ. ಅವರು ನನ್ನನ್ನು ನೂಕಿ ಉಳಿಸಿದರೋ, ಬಿಟ್ಟು ಓಡಿದರೋ? ಬಿಟ್ಟು ಓಡಿದ್ದರೂ ನಾನು ಸಿಟ್ಟಾಗುತ್ತಿರಲಿಲ್ಲವೇನೋ. ನನಗೆ ಬೇಕಾಗಿದ್ದದ್ದು ಯಾವುದು ಅನ್ನುವುದಷ್ಟೇ. ಕೇಳಬೇಕೆಂದು ಅವರ ಮುಖ ನೋಡಿದೆ. ಕಿಟಕಿಗೆ ತಲೆಯಾನಿಸಿ ಬಾಯಿ ತೆರೆದು ಮಲಗಿದ್ದರು.

ವಿಜಾಪುರ ಸ್ಟೇಷನ್ನಿನಲ್ಲಿ ಬೀಗರು ಬಿಜ್ಜರು ಆರತಿ ಹಿಡಿದು ನಿಂತಿದ್ದರು. ಗಂಗೆಯ ಥಾಲಿಯನ್ನು ಮೆರವಣಿಗೆಯಲ್ಲಿ ಮನೆಗೆ ತಂದರು. ನನಗಿಂತ ಹಿರಿಯರು ನನ್ನ ಕಾಲು ಮುಟ್ಟಿದರು. ಆ ಕಾಲಿನ ಉಗುರಲ್ಲಿ ಭೂತಾನದ ಮಣ್ಣು ಇನ್ನೂ ಹೋಗಿರಲಿಲ್ಲ.

ಆಮೇಲೆ ಊಟಗಳು. ಮೊದಲನೆಯದು ಅಥಣಿ ರಸ್ತೆಯಲ್ಲಿ ಹೊಸದಾಗಿ ಮನೆ ಕಟ್ಟಿಸಿದ್ದ ಇವರ ಸಹೋದ್ಯೋಗಿಯ ಮನೆಯಲ್ಲಿ. ಕಾಶಿಯ ಕಥೆ ಬೇಗ ಮುಗಿಯಿತು, ಹಳ್ಳದ ಕಥೆ ಬೆಳೆಯಿತು. ಹಳ್ಳ ಯಾವ ಊರಿನದು ಎಂದು ಇವರು ಹೇಳಲಿಲ್ಲ, ಕಾಶಿಯ ಹಾದಿಯದೇ ಎಂದು ಕೇಳಿದವರು ತಿಳಿದುಕೊಂಡರು. ಅಲ್ಲಿ ಇವರು ನನ್ನನ್ನು ಒಂದು ಕೈಯಿಂದ ನೂಕಿದರು. ನಿಡೋಣಿಯಲ್ಲಿ, ಇವರ ಸೋದರಮಾವನ ಮನೆಯಲ್ಲಿ, ಎರಡೂ ಕೈಯಿಂದ ನೂಕಿ "ಓಡು!" ಅಂತ ಕೂಗಿದರು.

"ಡೋಣಿ ದಂಡಿ ಹುಡುಗ ಅಂದ್ರ ಸುಮ್ನೇನು?" ಅಂದರು ಮಾವ. "ಹೇಣ್ತಿನ್ನ ಹಿಂದಕ್ಕ ಒಗದು ತಾ ಮುಂದಕ್ಕ ಹಾರ್‍ಯಾನ!"

"ಮಾವಾ, ಒಗೀಲಿಲ್ಲೋ, ನೂಕಿದೆ."

"ಎರಡೂ ಒಂದ. ಇನ್ನೊಂದು ಹೋಳಿಗಿ ಹಾಕ್ಸಿಕೋ."

ಎಲ್ಲರೂ ನಕ್ಕರು. ಇವರೂ ನಕ್ಕರು. ನಾನೂ ನಕ್ಕೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಉಳಿದ ವಸ್ತುವನ್ನು ಹೇಗುಳಿದೆ ಎಂದು ಯಾರು ಕೇಳುತ್ತಾರೆ?

ಕೇಳಿದವರು ನಮ್ಮ ಮನೆ ಮಾಲಕಿ ಒಬ್ಬರೇ. ಹಿತ್ತಲಿನ ಆಚೆ ಅವರ ಮನೆ, ಗಂಡ ಕಟ್ಟಿಗೆ ಅಡ್ಡೆ ನಡೆಸುತ್ತಿದ್ದರು. ನಾವು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಶಾಲೆಗೆ ರಜೆಯಿದ್ದ ಒಂದು ದಿನ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೂತಿದ್ದಾಗ ಬಾಗಿಲಲ್ಲಿ ನಿಂತು ನೋಡಿದರು.

"ಏನ್ ಬೇ, ಎಡಗೈ ಗಾಳ್ಯಾಗ ಯಾಕ ಎತ್ತಾಕತ್ತೀ? ರೊಟ್ಟಿ ಸುಡಾಕತ್ತೈತಿ ನೋಡು."

ನನಗೆ ಗೊತ್ತೇ ಇರಲಿಲ್ಲ. ನಾನು ಎಡಗೈ ಮುಂದೆ ಚಾಚಿ, ಬೆರಳು ಬಿಡಿಸಿ, ಮುಚ್ಚಿ ನೋಡುತ್ತಿದ್ದೆ. ಎಲ್ಲ ಹೇಳಿದೆ. ಖಾಲಾ ಕಟ್ಟೆಯ ಮೇಲೆ ಕೂತು ಕೇಳಿದರು.

"ಅಂವ ಹೇಳಿದ್ದು ಬಿಡು. ನೀ ಏನ್ ಕಂಡಿ?"

"ಏನೂ ಕಂಡಿಲ್ಲರಿ."

"ಅಂವನ್ನ ಕೇಳಿದಿ?"

"ಇಲ್ಲ."

"ಕೇಳಾಕ ಹೋಗಬ್ಯಾಡ. ಗಂಡಸರನ್ನ ಕೇಳಿದ್ರ ಇನ್ನೊಂದು ಕಿಸ್ಸಾ ಹೇಳ್ತಾರ," ಅಂದು ಸುಟ್ಟ ರೊಟ್ಟಿಯನ್ನೇ ಮುರಿದು ಬಾಯಿಗೆ ಹಾಕಿಕೊಂಡು ಹೋದರು.

ಕೊನೆಯ ಊಟ ತಿಕೋಟಾದಲ್ಲಿ, ನನ್ನ ತವರಿನಲ್ಲಿ. ನನ್ನನ್ನು ಸಾಕಿದವಳು ದೊಡ್ಡವ್ವ. ತೆಳ್ಳಗೆ, ಬಾಗಿದ ಬೆನ್ನು, ಮಾತು ಮಾತ್ರ ನೆಟ್ಟಗೆ. ಅವತ್ತು ಉಂಡ ಮೇಲೆ ಪಡಸಾಲೆಯಲ್ಲಿ ಜನ ಸೇರಿದರು. ಇವರು ಸುರು ಮಾಡಿದರು: ನೊರೆ, ಇಳಿದ ನೀರು, ಗೂಡ್ಸ್ ಗಾಡಿಯ ಸಪ್ಪಳ. ಆ ಸಪ್ಪಳ ನನ್ನದು. ನಾನು ಇವರಿಗೆ ಹೇಳಿದ್ದು. ಈಗ ಅದೂ ಇವರ ಕಥೆಗೆ ಸೇರಿತ್ತು. ನೂಕುವ ಜಾಗಕ್ಕೆ ಬಂದಾಗ ದೊಡ್ಡವ್ವ ಕೈ ಎತ್ತಿ ನಿಲ್ಲಿಸಿದಳು.

"ತಡೀರಿ ಅಳ್ಯಾ. ನನಗ ಕಣ್ಣಿಗೆ ಕಟ್ಟವಲ್ದು. ಹೆಂಗ ನೂಕಿದಿರಿ, ತೋರಸ್ರಿ." ಎದ್ದು ಅವರ ಮುಂದೆ ನಿಂತಳು. "ನಾನ ನಿಮ್ಮ ಹೇಣ್ತಿ ಅನ್ರಿ. ನೂಕ್ರಿ."

"ಏ ದೊಡ್ಡವ್ವಾ, ಬಿದ್ದುಗಿದ್ದೀರಿ..."

"ಬೀಳೂದಿಲ್ಲ. ಇಷ್ಟು ವರ್ಷ ನಿಮ್ಮ ದೊಡ್ಡಪ್ಪ ನೂಕಿದ್ರೂ ಬಿದ್ದಿಲ್ಲ."

ಪಡಸಾಲೆಯೆಲ್ಲ ಗೊಳ್ಳೆಂದಿತು. ಇವರು ನಗುತ್ತ ಎದ್ದರು. ದೊಡ್ಡವ್ವನ ಎಡಗೈ ಹಿಡಿದರು. ಇನ್ನೊಂದು ಕೈ ಮೇಲೆತ್ತಿದರು. ಆ ಕೈ ಅರ್ಧದಲ್ಲಿ ನಿಂತಿತು.

"ಆ ಕೈಯಾಗ ಏನಿತ್ತು?" ಅಂದಳು ದೊಡ್ಡವ್ವ. ಸುಮ್ಮನೆ, ತಿಳಿದುಕೊಳ್ಳಲು ಕೇಳಿದ್ದು.

"ಚಪ್ಪಲಿ ಇದ್ದೂ."

"ಚಪ್ಪಲಿ ಹಿಡಕೊಂಡ ನೂಕಿದ್ರೇನು?"

ಇವರು ತಮ್ಮ ಕೈಯನ್ನು ನೋಡಿಕೊಂಡರು. ಆಮೇಲೆ ದೊಡ್ಡವ್ವನ ಕೈಯನ್ನು ಮೆಲ್ಲಗೆ ಬಿಟ್ಟು, "ನೆನಪಿಲ್ಲರಿ," ಅಂದು ಕೂತರು. ಯಾರೋ ಎಲೆ ಅಡಿಕೆ ತಟ್ಟೆ ಮುಂದೆ ಸರಿಸಿದರು. ಮಾತು ಕಾಶಿಯ ಸೀರೆಗಳ ಕಡೆ ಹೊರಳಿತು.

ಬಸ್‍ಸ್ಟ್ಯಾಂಡಿನಲ್ಲಿ ಬೇವಿನ ಮರದ ಕೆಳಗೆ ನಾವಿಬ್ಬರೇ. ವಿಜಾಪುರದ ಬಸ್ಸು ತಡವಾಗಿತ್ತು. ದೊಡ್ಡವ್ವ ಕಟ್ಟಿಕೊಟ್ಟ ಹೋಳಿಗೆಯ ಗಂಟು ನನ್ನ ತೊಡೆಯ ಮೇಲಿತ್ತು. ಇವರು ರಸ್ತೆಯ ಕಡೆ ನೋಡುತ್ತ ಹೇಳಿದರು:

"ನೂಕಿದ್ದು ಸುಳ್ಳು."

ನಾನು ತೊಡೆಯ ಮೇಲಿನ ಗಂಟನ್ನು ಪಕ್ಕಕ್ಕಿಟ್ಟೆ.

"ಅಂದ್ರ, ಸುಳ್ಳೋ ಖರೇನೋ ನನಗೂ ಗೊತ್ತಿಲ್ಲ. ಸಪ್ಪಳಾ ಬಂತು, ಓಡಿದೆ. ಆ ದಂಡಿಗೆ ಮುಟ್ಟಿ ನೋಡಿದ್ರ ಕೈಯಾಗ ಚಪ್ಪಲಿ ಐತಿ, ನೀ ಇಲ್ಲ. ಕೈಯಾಗಿನ ಚಪ್ಪಲಿ ಬಿಟ್ಟಿಲ್ಲ ನಾನು. ಆ ತಿರುವಿನ್ಯಾಗ ಬಂಡಗಲ್ಲಿನ ಹಿಂದ ಕುಂತು ನೂಕೇನಿ, ನೂಕೇನಿ ಅಂತ ಹೇಳಿಕೋತ ಕುಂತೆ. ಹಂಗ ಅನದಿದ್ರ ಅಲ್ಲಿ ಕುಂದ್ರಾಕ ಆಗತಿದ್ದಿಲ್ಲ. ಮುಂಜಾನಿ ನೀ ಬರೂದರಾಗ ಅದು ಖರೇನ ಆಗಿತ್ತು."

"ಓಡೂ ಮುಂದ ನನ್ನ ಕಡೆ ನೋಡಿದ್ರೇನು?"

"ಇಲ್ಲ."

ಅಷ್ಟು ದಿನದ ಊಟ, ನಗು, ಹೋಳಿಗೆ, ಎಲ್ಲದರ ದಣಿವು ಒಮ್ಮೆಲೇ ಮೈಮೇಲೆ ಬಂತು. ಸಿಟ್ಟು ಬರಬಹುದು ಎಂದು ಕಾದೆ, ಬರಲಿಲ್ಲ. ಅಳು ಬರಬಹುದು ಎಂದುಕೊಂಡೆ, ಅದೂ ಇಲ್ಲ. ಮಧ್ಯಾಹ್ನವೆಲ್ಲ ಆ ಮುದುಕಿಯ ಪಕ್ಕ ಕೂತು ನಾನು ಅತ್ತೆಗೆ ಹೇಳಲು ಮಾತು ಜೋಡಿಸುತ್ತಿದ್ದಾಗ, ಅದೇ ಹಳ್ಳದ ಆಚೆ ಇವರು ತಮಗೇ ಹೇಳಿಕೊಳ್ಳಲು ಮಾತು ಜೋಡಿಸುತ್ತಿದ್ದರು.

"ನಾನೂ ನಿಮ್ಮ ಕಡೆ ನೋಡಿಲ್ಲ," ಅಂದೆ. ಅದು ನಿಜ. ನೋಡಿದ್ದು ದಂಡೆಗೆ ಬಿದ್ದ ಮೇಲೆ.

ಬಸ್ಸು ಬಂತು. ಒಂದೇ ಸೀಟು ಇತ್ತು. "ನೀ ಕುಂಡ್ರು," ಅಂದರು. "ನೀವು ಕುಂಡ್ರಿ," ಅಂದೆ. ಕಂಡಕ್ಟರು, "ಯಾರರ ಒಬ್ಬರು ಕುಂಡ್ರಿರಿ ಯಪ್ಪಾ, ಹಾದಿ ಬಿಡ್ರಿ," ಎಂದು ಗದರಿಸಿದ. ನಾನು ಕೂತೆ.

ಆಮೇಲೆ ಇವರು ಆ ಕಥೆಯನ್ನು ಹೇಳಲಿಲ್ಲ. ಯಾರಾದರೂ ಬಿಡದೆ ಕೇಳಿದರೆ, "ಆಕಿನ್ನ ಕೇಳ್ರಿ," ಎಂದು ಎದ್ದು ಹೋಗುತ್ತಿದ್ದರು. ನಾನು ಹೇಳುತ್ತಿದ್ದೆ: ನೀರು ಬಂತು, ಅವರು ಅತ್ತ ಓಡಿದರು, ನಾನು ಇತ್ತ ಓಡಿದೆ, ಇಬ್ಬರೂ ಉಳಿದೆವು. ಕೇಳುವವರಿಗೆ ಸಪ್ಪೆ ಎನಿಸುತ್ತಿತ್ತು. ಎರಡನೆಯ ಸಲ ಯಾರೂ ಕೇಳುತ್ತಿರಲಿಲ್ಲ. ಆ ಸಪ್ಪಳ, ಆ ಮಣ್ಣಿನ ವಾಸನೆ ಈಗಲೂ ಬರುತ್ತವೆ, ಹಗಲಲ್ಲೇ, ಕೈಯಲ್ಲಿ ಬೇರೆ ಏನೋ ಕೆಲಸ ಇರುವಾಗ. ಕೈ ಬರಿದಾದದ್ದೂ ಬರುತ್ತದೆ. ಆದರೆ ಯಾರು ಬಿಟ್ಟರೆಂದು ಹುಡುಕುವುದನ್ನು ನಾನು ತಿಕೋಟಾದ ಬಸ್‍ಸ್ಟ್ಯಾಂಡಿನಲ್ಲೇ ನಿಲ್ಲಿಸಿದೆ.